ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ: ಮೊಬೈಲಿನ ತೀರ್ಪನ್ನು ಎಷ್ಟು ನಂಬಬೇಕು?

ಮಳೆಗಾಲದ ಚರ್ಮರೋಗಗಳ ಕುರಿತ ಹಿಂದಿನ ಸಂಚಿಕೆಯ ಬರಹವನ್ನು ಓದಿ ಮುಂಬಯಿ, ಪುಣೆ ಮತ್ತು ಗೋವೆಯ ಕನ್ನಡಿಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಎತ್ತಿವೆ. ಚರ್ಮದ ಫೋಟೋ ತೆಗೆದು ಕೃತಕ ಬುದ್ಧಿಮತ್ತೆಯ ಆಪ್‌ಗೆ ಕೊಟ್ಟರೆ ಅದು ರೋಗದ ಹೆಸರು ಹೇಳುತ್ತದೆ. ಆ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ (ಡೊಂಬಿವಲಿ): ಡಾಕ್ಟರೇ, ನಾನು ದಿನವೂ ಲೋಕಲ್ ರೈಲಿನಲ್ಲಿ ಫೋರ್ಟ್‌ವರೆಗೆ ಹೋಗಿಬರುವವನು. ತೊಡೆಯ ಸಂದಿಯಲ್ಲಿ ತುರಿಕೆಯ ಕೆಂಪು ಕಲೆ ಎದ್ದಿತ್ತು. ಆಪ್ ಒಂದಕ್ಕೆ ಫೋಟೋ ಹಾಕಿದೆ. ಎಕ್ಸಿಮಾ, ಅಂದರೆ ಇಸುಬು ಇರಬಹುದು ಎಂದಿತು. ಅದನ್ನೇ ಮೆಡಿಕಲ್ ಶಾಪಿನವರಿಗೆ ತೋರಿಸಿ ಮುಲಾಮು ತಂದು ಹಚ್ಚಿದೆ. ವಾರದೊಳಗೆ ತುರಿಕೆ ನಿಂತಿತು, ಹಚ್ಚುವುದನ್ನು ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಹರಡಿತು. ಈಗ ಸೊಂಟಕ್ಕೂ ಬಂದಿದೆ, ಹೆಂಡತಿಗೂ ಶುರುವಾಗಿದೆ. ತಪ್ಪಿದ್ದು ಆಪೋ, ಮುಲಾಮೋ?

ಉತ್ತರ: ಎರಡೂ ತಪ್ಪಿವೆ, ಆದರೆ ಹಾನಿ ಮಾಡಿದ್ದು ಮುಲಾಮು. ನಿಮ್ಮ ವಿವರಣೆಯಿಂದ ಇದು ಶಿಲೀಂಧ್ರದಿಂದ ಬರುವ ಹುಳುಕಡ್ಡಿ, ಅಂದರೆ ಗಜಕರ್ಣ ಎಂದೇ ತೋರುತ್ತದೆ, ಮತ್ತು ಮುಲಾಮಿನಲ್ಲಿ ಸ್ಟೀರಾಯ್ಡ್ ಇದ್ದಿರಬೇಕು. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುವುದರಿಂದ ತುರಿಕೆಯೂ ಕೆಂಪೂ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಆದರೆ ಶಿಲೀಂಧ್ರವನ್ನು ತಡೆಯಲು ಚರ್ಮ ನಡೆಸುವ ಪ್ರಯತ್ನವೂ ಅದರೊಂದಿಗೇ ಅಡಗುತ್ತದೆ, ರೋಗ ಒಳಗೊಳಗೇ ಹಬ್ಬುತ್ತದೆ. ಹುಳುಕಡ್ಡಿಯ ಗುರುತೆಂದರೆ ನಡುವೆ ತಿಳಿಯಾಗಿ ಅಂಚಿನಲ್ಲಿ ಉಬ್ಬಿ ಸಿಪ್ಪೆ ಏಳುವ ಉಂಗುರ. ಸ್ಟೀರಾಯ್ಡ್ ಹಚ್ಚಿದ ಮೇಲೆ ಆ ಉಂಗುರವೇ ಅಳಿಸಿಹೋಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಟೀನಿಯಾ ಇನ್‌ಕಾಗ್ನಿಟೊ ಎಂಬ ಹೆಸರಿದೆ. ಆ ಹಂತದಲ್ಲಿ ಬರೀ ಕಣ್ಣಿನಿಂದ ನೋಡುವ ವೈದ್ಯರೂ ಎಡವುವುದುಂಟು. ಫೋಟೋ ಒಂದನ್ನೇ ನಂಬಿದ ಆಪ್ ಎಡವಿದರೆ ಆಶ್ಚರ್ಯವಿಲ್ಲ.

ನಮ್ಮ ದೇಶದ ಹುಳುಕಡ್ಡಿಯ ಸ್ವರೂಪವೇ ಬದಲಾಗಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಪ್ರತ್ಯೇಕವಾಗಿ ಹೆಸರಿಸಲಾದ ಶಿಲೀಂಧ್ರ ಭಾರತದಲ್ಲಿ ವ್ಯಾಪಕವಾಗಿದ್ದು, ಹಿಂದೆ ಎರಡು ಮೂರು ವಾರಗಳಲ್ಲಿ ಗುಣಪಡಿಸುತ್ತಿದ್ದ ಟರ್ಬಿನಫಿನ್ ಔಷಧಕ್ಕೆ ಅದು ಹಲವು ರೋಗಿಗಳಲ್ಲಿ ಬಗ್ಗುವುದಿಲ್ಲ. ದೊಡ್ಡದಾಗಿ ಹರಡಿದ, ಸ್ಟೀರಾಯ್ಡ್‌ನಿಂದ ರೂಪಗೆಟ್ಟ ಇಂಥ ಕಲೆಗಳು ಅಮೆರಿಕ, ಯುರೋಪಿನ ಫೋಟೋಗಳಿಂದ ಕಲಿತ ಆಪ್‌ಗೆ ಪರಿಚಯವಿರುವುದು ಕಡಿಮೆ.

ಈಗ ಮಾಡಬೇಕಾದ್ದು ಇಷ್ಟು. ಮುಲಾಮಿನ ಟ್ಯೂಬನ್ನು ಎಸೆಯದೆ ಕೈಯಲ್ಲಿ ಹಿಡಿದುಕೊಂಡೇ ಚರ್ಮದ ಡಾಕ್ಟರ ಬಳಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಕಲೆಯ ಅಂಚಿನಿಂದ ಸಿಪ್ಪೆ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ ಕೆಲವು ನಿಮಿಷಗಳು ಸಾಕು, ಖರ್ಚೂ ಅಲ್ಪ. ಮನೆಯಲ್ಲಿ ರೋಗವಿರುವ ಎಲ್ಲರೂ ಒಟ್ಟಿಗೆ ಔಷಧ ತೆಗೆದುಕೊಳ್ಳದಿದ್ದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಟವೆಲ್ ಹಂಚಿಕೊಳ್ಳಬೇಡಿ, ಜುಲೈ ತಿಂಗಳಲ್ಲಿ ಮುಂಬಯಿಯ ಮನೆಗಳಲ್ಲಿ ಒಳಉಡುಪು ಪೂರ್ತಿ ಒಣಗುವುದೇ ಇಲ್ಲವಾದ್ದರಿಂದ ಹಾಕಿಕೊಳ್ಳುವ ಮೊದಲು ಇಸ್ತ್ರಿ ಮಾಡಿ.

ಕಾನೂನಿನ ಮಾತೊಂದಿದೆ. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆಯ ತಂತ್ರಾಂಶ ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಅದು ವೈದ್ಯರಿಗೆ ನೆರವಾಗಬಹುದು ಅಷ್ಟೆ. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಯಾಗಿದೆ. ಆಪ್‌ನ ಪರದೆಯನ್ನು ಚೀಟಿಯೆಂದು ಅಂಗಡಿಯವರು ಒಪ್ಪಿಕೊಳ್ಳತಕ್ಕದ್ದಲ್ಲ.

ಪ್ರಶ್ನೆ (ವಾಸ್ಕೊ, ಗೋವಾ): ನಮ್ಮ ತಂದೆಯವರಿಗೆ ಅರವತ್ತೆರಡು ವರ್ಷ. ಅಂಗಾಲಿನಲ್ಲಿ ಕಪ್ಪು ಮಚ್ಚೆಯೊಂದು ಕೆಲವು ತಿಂಗಳಿಂದ ದೊಡ್ಡದಾಗುತ್ತಿದೆ. ಮಚ್ಚೆ ಪರೀಕ್ಷಿಸುವ ಆಪ್ 'ಅಪಾಯ ಕಡಿಮೆ' ಎಂದು ತೋರಿಸಿತು. ಅಪ್ಪ ನಿಶ್ಚಿಂತೆಯಿಂದಿದ್ದಾರೆ, ನನಗೆ ಸಮಾಧಾನವಿಲ್ಲ. ಮನೆಯವರೆಲ್ಲರ ಮಚ್ಚೆಗಳನ್ನೂ ಇದೇ ಆಪ್‌ನಲ್ಲಿ ನೋಡಿಸಬೇಕೆಂದು ತಮ್ಮ ಹೇಳುತ್ತಾನೆ.

ಉತ್ತರ: ನಿಮ್ಮ ಅಸಮಾಧಾನವೇ ಸರಿ. ಈ ಪತ್ರಿಕೆ ಕೈಗೆ ಬಂದ ವಾರದಲ್ಲೇ ತಂದೆಯವರನ್ನು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋಗಿ. ಮಧ್ಯವಯಸ್ಸು ದಾಟಿದವರ ಅಂಗಾಲು, ಅಂಗೈ ಅಥವಾ ಉಗುರಿನಡಿ ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಕಪ್ಪು ಕಲೆಯನ್ನು ಬಯಾಪ್ಸಿಯ (ಚರ್ಮದ ಚೂರು ತೆಗೆದು ಪ್ರಯೋಗಾಲಯದಲ್ಲಿ ನೋಡುವ ಪರೀಕ್ಷೆಯ) ಅಗತ್ಯವಿದೆಯೇ ಎಂದು ತಜ್ಞರು ನೋಡಲೇಬೇಕು. ಅದು ಹಳೆಯ ಪೆಟ್ಟಿನ ರಕ್ತದ ಕಲೆಯೋ ಸಾಧಾರಣ ಮಚ್ಚೆಯೋ ಆಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ನಮ್ಮಂಥ ಕಂದು ಚರ್ಮದವರಲ್ಲಿ ಅಪರೂಪವಾದರೂ ಬಂದಾಗ ಬಹುಮಟ್ಟಿಗೆ ಈ ಜಾಗಗಳನ್ನೇ ಹಿಡಿಯುತ್ತದೆ, ಮತ್ತು ತಡವಾಗಿ ಪತ್ತೆಯಾದರೆ ಪ್ರಾಣಕ್ಕೇ ಬರುತ್ತದೆ.

ಆಪ್ ಇಲ್ಲಿ ಏಕೆ ತಪ್ಪಬಹುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1,29,450 ಚಿತ್ರಗಳಿಂದ ಕಲಿಸಿದ ಯಂತ್ರವೊಂದು ಚರ್ಮದ ಕ್ಯಾನ್ಸರನ್ನು 21 ಚರ್ಮತಜ್ಞರಿಗೆ ಸರಿಸಮನಾಗಿ ಗುರುತಿಸಿತೆಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಇಂಥ ಯಂತ್ರಗಳು ಕಲಿತ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮದವರವು. 2022ರಲ್ಲಿ ಅದೇ ವಿಶ್ವವಿದ್ಯಾಲಯದ ಇನ್ನೊಂದು ತಂಡ ಬಯಾಪ್ಸಿಯಿಂದ ಖಚಿತವಾದ, ಕಪ್ಪು ಮತ್ತು ಬಿಳಿ ಚರ್ಮ ಎರಡನ್ನೂ ಒಳಗೊಂಡ 656 ಚಿತ್ರಗಳನ್ನು ಮುಂದಿಟ್ಟು ಹೆಸರಾಂತ ತಂತ್ರಾಂಶಗಳನ್ನು ಪರೀಕ್ಷಿಸಿತು. ಎಲ್ಲವೂ ಕಪ್ಪು ಚರ್ಮದಲ್ಲಿ ಹಿಂದೆ ಬಿದ್ದವು. ಇನ್ನು ಅಂಗಾಲಿನ ಚರ್ಮ ದಪ್ಪ, ಅದರ ಗೆರೆಗಳ ವಿನ್ಯಾಸವೇ ಬೇರೆ. ಬೆನ್ನಿನ ಮಚ್ಚೆಗೆ ಅನ್ವಯಿಸುವ ಲಕ್ಷಣಗಳು ಅಲ್ಲಿಗೆ ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, 'ತಿಂಗಳುಗಳಿಂದ ಬೆಳೆಯುತ್ತಿದೆ' ಎಂದು ನೀವು ಬರೆದ ಒಂದು ವಾಕ್ಯದಲ್ಲಿ ಇರುವಷ್ಟು ಮಾಹಿತಿ ಒಂದೇ ದಿನ ತೆಗೆದ ಫೋಟೋದಲ್ಲಿ ಇಲ್ಲ.

ತಮ್ಮನಿಗೆ ಈ ಲೆಕ್ಕ ಹೇಳಿ. ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇದೆ ಎಂದು ಇಟ್ಟುಕೊಳ್ಳೋಣ. ಆಪ್ ನೂರು ಆರೋಗ್ಯವಂತರಲ್ಲಿ ಹತ್ತು ಮಂದಿಗೆ ಸುಳ್ಳು ಎಚ್ಚರಿಕೆ ಕೊಡುತ್ತದೆ ಎಂದೂ ಇಟ್ಟುಕೊಳ್ಳೋಣ. ಆಗ ಆ ಒಬ್ಬರನ್ನು ಹಿಡಿಯುವ ಭರದಲ್ಲಿ ಸುಮಾರು ನೂರು ಮಂದಿಯನ್ನು ಅದು ವೃಥಾ ಹೆದರಿಸಿರುತ್ತದೆ. ರೋಗ ಅಪರೂಪವಾದಷ್ಟೂ ಹೀಗೆ ಗೊತ್ತುಗುರಿಯಿಲ್ಲದೆ ಎಲ್ಲರನ್ನೂ ಸ್ಕ್ಯಾನ್ ಮಾಡುವುದರಿಂದ ಗಾಬರಿ ಹೆಚ್ಚುತ್ತದೆಯೇ ಹೊರತು ಪ್ರಯೋಜನ ಹೆಚ್ಚುವುದಿಲ್ಲ. ಬದಲಾಗುತ್ತಿರುವ ಮಚ್ಚೆ ಇದ್ದರೆ ತೋರಿಸಿ. ಹುಟ್ಟಿನಿಂದ ಹಾಗೇ ಇರುವ ಮಚ್ಚೆಗಳನ್ನು ಅವುಗಳ ಪಾಡಿಗೆ ಬಿಡಿ.

ಪ್ರಶ್ನೆ (ಚಿಂಚವಡ, ಪುಣೆ): ಮಗಳಿಗೆ ಮದುವೆ ಗೊತ್ತಾಗಿದೆ. ಅವಳ ತೋಳಿನಲ್ಲಿ ಮಾಸಲು ಬಿಳಿ ಮಚ್ಚೆಯೊಂದಿದೆ. ಆಪ್ ಅದನ್ನು ತೊನ್ನು ಎಂದಿದೆ. ಮನೆಯಲ್ಲಿ ಎಲ್ಲರೂ ಕುಸಿದುಹೋಗಿದ್ದೇವೆ. ಬೀಗರಿಗೆ ಹೇಳಬೇಕೇ?

ಉತ್ತರ: ಅಮ್ಮ, ಬೀಗರಿಗೆ ಏನು ಹೇಳಬೇಕೆಂಬ ಪ್ರಶ್ನೆ ಇನ್ನೂ ಹುಟ್ಟಿಲ್ಲ, ಏಕೆಂದರೆ ರೋಗವೇನೆಂದು ಯಾರೂ ಇನ್ನೂ ನೋಡಿಲ್ಲ. ತೊನ್ನಿನಲ್ಲಿ ಬಣ್ಣ ಪೂರ್ತಿಯಾಗಿ ಹೋಗಿ ಚರ್ಮ ಹಾಲಿನಷ್ಟು ಬಿಳಿಯಾಗುತ್ತದೆ. ನೀವು ಬರೆದಿರುವ ಮಾಸಲು ಬಿಳುಪು ಬೇರೆ ಕಾರಣಗಳಿಂದಲೂ ಬರುತ್ತದೆ: ಬೆವರಿನ ದಿನಗಳಲ್ಲಿ ಬರುವ ಸಿಬ್ಬು, ವಾಸಿಯಾದ ಇಸುಬಿನ ಕಲೆ, ಮತ್ತು ಕುಷ್ಠದ ಆರಂಭ. ಮೊಬೈಲಿನ ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಂದು ತೋಳಿನ ಮೇಲಿನ ಮಾಸಲು ಮಚ್ಚೆ ಫ್ಲ್ಯಾಶ್ ಬೆಳಕಿನಲ್ಲಿ ಅಚ್ಚ ಬಿಳಿಯಾಗಿ ಮೂಡಿದರೆ ಆಪ್ ಅದನ್ನು ತೊನ್ನು ಎನ್ನುವುದು ಸಹಜ.

ಇವುಗಳನ್ನು ಬೇರ್ಪಡಿಸುವ ಪರೀಕ್ಷೆಗಳಲ್ಲಿ ಅತಿ ಮುಖ್ಯವಾದದ್ದು ಫೋಟೋದಲ್ಲಿ ಸಾಧ್ಯವೇ ಇಲ್ಲ. ವೈದ್ಯರು ರೋಗಿಯ ಕಣ್ಣು ಮುಚ್ಚಿಸಿ ಮಚ್ಚೆಯ ಮೇಲೂ ಪಕ್ಕದ ಚರ್ಮದ ಮೇಲೂ ಹತ್ತಿಯ ಎಳೆ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಮೊಣಕೈಯ ಬಳಿ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಸ್ಪರ್ಶಜ್ಞಾನವಿಲ್ಲದ ಮಾಸಲು ಮಚ್ಚೆ ಕುಷ್ಠದ ಮುಖ್ಯ ಲಕ್ಷಣ. ಭಾರತ 2005ರ ಕೊನೆಗೆ ಕುಷ್ಠವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಕೆಳಗಿಳಿಸಿತಾದರೂ ಜಗತ್ತಿನಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ನಮ್ಮವರೇ. ಈ ಹೆಸರು ಕೇಳಿ ಎದೆಗುಂದಬೇಡಿ. ಅದು ಆರು ತಿಂಗಳಿಂದ ಒಂದು ವರ್ಷದ ಔಷಧದಿಂದ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ, ಚಿಕಿತ್ಸೆ ಶುರುವಾದ ಮೇಲೆ ಬೇಗನೆ ಹರಡುವುದೂ ನಿಲ್ಲುತ್ತದೆ. ಸಿಬ್ಬಾದರೆ ಶಿಲೀಂಧ್ರದ ಸಾಧಾರಣ ಔಷಧವೇ ಸಾಕು. ತೊನ್ನೇ ಆಗಿದ್ದರೂ ಅದು ಅಂಟುವ ರೋಗವಲ್ಲ, ಅದಕ್ಕೂ ಚಿಕಿತ್ಸೆಯಿದೆ. ಮಗಳನ್ನು ಸಸೂನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೋ ನಿಮಗೆ ಪರಿಚಯವಿರುವ ಚರ್ಮದ ಡಾಕ್ಟರ ಬಳಿಗೋ ಕರೆದೊಯ್ಯಿರಿ. ಒಂದು ಯಂತ್ರದ ಊಹೆಯಿಂದ ಮನೆಮಂದಿಯೆಲ್ಲ ನಿದ್ದೆಗೆಟ್ಟಿರುವುದು ನನಗೆ ಬಹಳ ನೋವಿನ ಸಂಗತಿ.

ಪ್ರಶ್ನೆ (ಹಿಂಜೆವಾಡಿ, ಪುಣೆ): ಹೆರಿಗೆಯ ನಂತರ ನನ್ನ ಕೆನ್ನೆಯ ಮೇಲೆ ಬಂಗು ಬಂದಿದೆ. ಮಾಲಿನ ಸೌಂದರ್ಯ ಮಳಿಗೆಯೊಂದರಲ್ಲಿ ಕ್ಯಾಮೆರಾ ಮುಂದೆ ಕೂರಿಸಿ ಮುಖವನ್ನು ಸ್ಕ್ಯಾನ್ ಮಾಡಿ ನೂರಕ್ಕೆ 58 ಅಂಕ ಕೊಟ್ಟರು, ರೆಟಿನಾಲ್ ಸೀರಮ್ ಸೇರಿ ನಾಲ್ಕು ಉತ್ಪನ್ನಗಳನ್ನು ಸೂಚಿಸಿದರು. ಮಗುವಿಗೆ ಎದೆಹಾಲು ಕೊಡುತ್ತಿದ್ದೇನೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ರೆಟಿನಾಲ್ ಸೇರಿದಂತೆ ರೆಟಿನಾಯ್ಡ್ ವರ್ಗದ ಲೇಪನಗಳನ್ನು ಗರ್ಭಿಣಿಯರು ಬಳಸಬಾರದು. ಹಾಲೂಡಿಸುವಾಗಲೂ ವೈದ್ಯರನ್ನು ಕೇಳದೆ ಹಚ್ಚದಿರುವುದೇ ಕ್ಷೇಮ. ಆ ಯಂತ್ರ ನಿಮಗೆ ಮಗುವಿದೆಯೇ ಎಂದು ಕೇಳಿತೇ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ.

ಇಂಥ ಮುಖವಿಶ್ಲೇಷಣೆಯ ತಂತ್ರಾಂಶಗಳು ಸುಕ್ಕು, ಕಲೆ, ರಂಧ್ರ, ಜಿಡ್ಡಿನ ಹೊಳಪುಗಳನ್ನು ಚಿತ್ರದಲ್ಲಿ ಅಳೆಯುತ್ತವೆ. ಅಳೆಯುವುದರಲ್ಲಿ ಅವು ಸಮರ್ಥವೇ. ಆದರೆ ನೂರು ಅಂಕದ ಮುಖ ಯಾವುದೆಂದು ನಿರ್ಧರಿಸಿದವರು ಯಾರು? ಬಹುಪಾಲು ಸಂದರ್ಭಗಳಲ್ಲಿ ಉತ್ಪನ್ನ ಮಾರುವವರೇ. ಲೋರಿಯಾಲ್ ಕಂಪನಿ 2018ರಲ್ಲಿ ಮೋಡಿಫೇಸ್ ಎಂಬ ಕೆನಡಾದ ತಂತ್ರಾಂಶ ಸಂಸ್ಥೆಯನ್ನೇ ಕೊಂಡುಕೊಂಡಿತು; ಸೌಂದರ್ಯೋದ್ಯಮಕ್ಕೆ ಈ ತಂತ್ರಜ್ಞಾನ ಎಷ್ಟು ಬೇಕಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಮಾರುವವರ ಕೈಯಲ್ಲಿರುವ ಅಳತೆಗೋಲು ಕೊರತೆಯನ್ನೇ ಹುಡುಕುತ್ತದೆ. ಬೆಳಕು ಬದಲಾದರೆ, ಮುಖ ತೊಳೆದು ಕೂತರೆ, ಅಂಕವೂ ಬದಲಾಗಬಹುದು.

ಬಂಗಿಗೆ ಕಾರಣ ಗರ್ಭಾವಸ್ಥೆಯ ಹಾರ್ಮೋನುಗಳು, ಬಿಸಿಲು ಮತ್ತು ವಂಶದ ಒಲವು. ಹಲವು ತಾಯಂದಿರಲ್ಲಿ ಹೆರಿಗೆಯ ನಂತರದ ತಿಂಗಳುಗಳಲ್ಲಿ ಅದು ತಾನಾಗಿಯೇ ತಿಳಿಯಾಗುತ್ತದೆ. ನಮ್ಮ ಚರ್ಮದಲ್ಲಿ ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢಗೊಳಿಸುತ್ತದೆ. ಆದ್ದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಸದ್ಯಕ್ಕೆ ಅದೊಂದು ಸಾಕು. ಆಮ್ಲ, ಸೀರಮ್, ಸ್ಕ್ರಬ್ ಎಂದು ಒಂದರ ಮೇಲೊಂದು ಹಚ್ಚಿ ಚರ್ಮ ಉರಿದರೆ, ಕಂದು ಚರ್ಮ ಉರಿದ ಜಾಗದಲ್ಲೆಲ್ಲ ಹೊಸ ಕಪ್ಪು ಕಲೆ ಉಳಿಸಿಕೊಳ್ಳುತ್ತದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಮೂರೂ ಬೆರೆತ ಮುಲಾಮನ್ನು ಗೆಳತಿಯರು ಕೊಟ್ಟರೂ ಮುಟ್ಟಬೇಡಿ. ತಿಂಗಳುಗಟ್ಟಲೆ ಅದನ್ನು ಹಚ್ಚಿ ಮುಖದ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿಯುವ ಸ್ಥಿತಿಯಲ್ಲಿ ಬರುವ ಹೆಣ್ಣುಮಕ್ಕಳನ್ನು ನಾವು ಚರ್ಮವೈದ್ಯರು ಈಗಲೂ ನೋಡುತ್ತಿದ್ದೇವೆ.

ಪ್ರಶ್ನೆ (ಠಾಣೆ): ಹದಿನಾಲ್ಕರ ಮಗಳು ಮೊಡವೆಗಾಗಿ ತನ್ನ ಮುಖದ, ಬೆನ್ನಿನ ಫೋಟೋಗಳನ್ನು ಆಪ್‌ಗಳಿಗೆ ಹಾಕುತ್ತಾಳೆ. ಬೈಯಬೇಕೋ ಬಿಡಬೇಕೋ ತಿಳಿಯದು.

ಉತ್ತರ: ಬೈಯಬೇಡಿ, ಜೊತೆಗೆ ಕೂತು ಮಾತಾಡಿ. ಆ ಫೋಟೋಗಳು ಎಲ್ಲಿ ಉಳಿಯುತ್ತವೆ, ಯಾರಿಗೆ ಹೋಗುತ್ತವೆ ಎಂಬುದು ಅವಳಿಗೂ ನಿಮಗೂ ಕಾಣುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಹದಿನೆಂಟರೊಳಗಿನವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಖಚಿತ ಒಪ್ಪಿಗೆ ಬೇಕೆಂದಿದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆದು ಮಾಹಿತಿ ಅಳಿಸಿಹಾಕಲು ಕೇಳುವ ಹಕ್ಕೂ ಇದೆ. ಬಟ್ಟೆ ಸರಿಸಿ ತೆಗೆದ ಫೋಟೋ ಯಾವ ಆಪ್‌ಗೂ ಹೋಗಕೂಡದು. ಹದಿನಾಲ್ಕರಲ್ಲಿ ಮೊಡವೆ ಸಹಜ. ಬೆನ್ನಿಗೂ ಹಬ್ಬಿದೆಯೆಂದರೆ, ಗುಳಿ ಬೀಳುವ ಮೊದಲೇ ಚಿಕಿತ್ಸೆ ಕೊಡಿಸಿ. ಅವಳು ಯಂತ್ರವನ್ನು ಕೇಳುತ್ತಿರುವುದು ಮನೆಯಲ್ಲಿ ಹೇಳಲು ನಾಚಿಕೆಯಾಗಿ ಇರಬಹುದು.

ಪ್ರಶ್ನೆ (ಮಾಟುಂಗಾ, ಮುಂಬಯಿ): ನಾನು ಎಂಬಿಬಿಎಸ್ ಕೊನೆಯ ವರ್ಷದ ವಿದ್ಯಾರ್ಥಿ. ಚರ್ಮವಿಜ್ಞಾನದಲ್ಲಿ ಎಂಡಿ ಮಾಡುವ ಆಸೆ. ಚಿತ್ರ ನೋಡಿ ರೋಗ ಹೇಳುವ ಕೆಲಸ ಯಂತ್ರಕ್ಕೇ ಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ಆಸೆಯನ್ನು ಬಿಡಬೇಡಿ. ಇಲ್ಲಿಯವರೆಗೆ ಬಂದ ಒಳ್ಳೆಯ ಅಧ್ಯಯನಗಳು ತೋರಿಸಿರುವುದು ವೈದ್ಯರೂ ಯಂತ್ರವೂ ಸೇರಿ ಕೆಲಸ ಮಾಡಿದಾಗ ಆಗುವ ಲಾಭವನ್ನು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಚರ್ಮದ ಕ್ಯಾನ್ಸರ್ ಹಿಡಿಯುವ ಸಾಮರ್ಥ್ಯ ಯಂತ್ರದ ನೆರವಿನಿಂದ ಸುಮಾರು ಶೇ. 75ರಿಂದ ಶೇ. 81ಕ್ಕೆ ಏರಿತು, ಹೆಚ್ಚು ಲಾಭವಾದದ್ದು ತಜ್ಞರಲ್ಲದ ವೈದ್ಯರಿಗೆ. ಚರ್ಮತಜ್ಞರಿಲ್ಲದ ತಾಲೂಕು ಆಸ್ಪತ್ರೆಗಳನ್ನು ನೆನೆದಾಗ ಇದು ನನಗೆ ನಿಜವಾದ ಭರವಸೆಯಾಗಿ ಕಾಣುತ್ತದೆ. ಆದರೆ ಅದೇ ವರ್ಷ ನೇಚರ್ ಮೆಡಿಸಿನ್‌ನಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಯಂತ್ರದ ನೆರವಿನಿಂದ ಎಲ್ಲರ ನಿಖರತೆಯೂ ಹೆಚ್ಚಿತಾದರೂ, ಸಾಮಾನ್ಯ ವೈದ್ಯರಲ್ಲಿ ಬಿಳಿ ಮತ್ತು ಕಪ್ಪು ಚರ್ಮದ ನಡುವಿನ ಅಂತರ ಇನ್ನಷ್ಟು ಅಗಲವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ ಡರ್ಮಸೆನ್ಸರ್ ಎಂಬ ಸಾಧನವೂ, ತಜ್ಞರಲ್ಲದ ವೈದ್ಯರು ಸಂಶಯದ ಮಚ್ಚೆಯನ್ನು ತಜ್ಞರಿಗೆ ಕಳಿಸಬೇಕೇ ಎಂದು ನಿರ್ಧರಿಸಲು ನೆರವಾಗುವ ಸಾಧನವೇ. ಅದನ್ನು ಕಪ್ಪು ಚರ್ಮದವರಲ್ಲಿ ಇನ್ನಷ್ಟು ಪರೀಕ್ಷಿಸಬೇಕೆಂಬ ಷರತ್ತೂ ಒಪ್ಪಿಗೆಯ ಜೊತೆಗಿತ್ತು.

ನಮ್ಮ ಚರ್ಮವನ್ನು ವರ್ಗೀಕರಿಸಲು ಇಂದಿಗೂ ಬಳಸುವ ಫಿಟ್ಜ್‌ಪ್ಯಾಟ್ರಿಕ್ ಮಾಪನ 1975ರಲ್ಲಿ ಬಿಳಿ ಚರ್ಮದವರಿಗೆ ಕಿರಣಚಿಕಿತ್ಸೆಯ ಪ್ರಮಾಣ ನಿರ್ಧರಿಸಲು ಹುಟ್ಟಿದ್ದು. ಕಂದು ಮತ್ತು ಕಪ್ಪು ಬಣ್ಣಗಳು ಆಮೇಲೆ ಸೇರಿದವು. ಕೊರತೆ ಎಷ್ಟು ಹಳೆಯದೆಂದು ಇದರಿಂದ ತಿಳಿಯಬಹುದು. ಅದನ್ನು ತುಂಬಬೇಕಾದವರು ನಿಮ್ಮ ತಲೆಮಾರಿನವರು. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳ ಚರ್ಮದ ಓಪಿಡಿಗೆ ಒಂದು ಬೆಳಿಗ್ಗೆ ಬರುವಷ್ಟು ವೈವಿಧ್ಯ ಜಗತ್ತಿನ ಅನೇಕ ದತ್ತಾಂಶಗಳಲ್ಲಿ ಇಲ್ಲ. ರೋಗಿಯ ತಿಳಿವಳಿಕೆಯ ಒಪ್ಪಿಗೆ ಪಡೆದು, ಗುರುತು ಮರೆಮಾಡಿ, ಪ್ರಯೋಗಾಲಯದಲ್ಲಿ ಖಚಿತವಾದ ರೋಗನಿರ್ಣಯದೊಂದಿಗೆ ಚಿತ್ರಗಳನ್ನು ಕೂಡಿಡುವ ಕೆಲಸ ಇಲ್ಲಿಯೇ ಆಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2023ರಲ್ಲಿ ಹೊರತಂದ ಕೃತಕ ಬುದ್ಧಿಮತ್ತೆಯ ನೈತಿಕ ಮಾರ್ಗಸೂಚಿಯನ್ನು ಓದಿಕೊಂಡು ಶುರುಮಾಡಿ. ಶಸ್ತ್ರಚಿಕಿತ್ಸೆಯ ಪೆನ್ನಿನ ಗುರುತು ಪಕ್ಕದಲ್ಲಿದ್ದರೆ ಸಾಧಾರಣ ಮಚ್ಚೆಯನ್ನೂ ಯಂತ್ರ ಕ್ಯಾನ್ಸರ್ ಎಂದದ್ದು 2019ರಲ್ಲಿ ಜರ್ಮನಿಯ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಚಿತ್ರ ಕೂಡಿಡುವವರು ಇಂಥ ಸಣ್ಣ ಸಂಗತಿಗಳನ್ನು ಗಮನಿಸಬೇಕು.

ಪ್ರಶ್ನೆ (ಮಡಗಾಂವ್, ಗೋವಾ): ಊರಿನಲ್ಲಿರುವ ನಮ್ಮ ಡಾಕ್ಟರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಬೇಕಾದಾಗ ಹೇಗೆ ತೆಗೆಯಬೇಕು?

ಉತ್ತರ: ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಸೆಲ್ಫಿ ಕ್ಯಾಮೆರಾ ಬೇಡ; ಅನೇಕ ಮೊಬೈಲುಗಳಲ್ಲಿ ಅದು ಚರ್ಮವನ್ನು ತಾನಾಗಿಯೇ ನುಣುಪಾಗಿಸುತ್ತದೆ. ಕಲೆ ದೇಹದ ಯಾವ ಭಾಗದಲ್ಲಿದೆ ಎಂದು ತಿಳಿಯುವಂತೆ ದೂರದಿಂದ ಒಂದು, ಪಕ್ಕದಲ್ಲಿ ನಾಣ್ಯವಿಟ್ಟು ಹತ್ತಿರದಿಂದ ಒಂದು, ಉಬ್ಬು ಕಾಣುವಂತೆ ಓರೆಯಾಗಿ ಒಂದು ಇರಲಿ. ಎಣ್ಣೆ, ಪೌಡರ್, ಅರಿಸಿನ ಹಚ್ಚಿದ್ದರೆ ತೊಳೆದು ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಫೋಟೋ ಜೊತೆಗೆ ಎಂದಿನಿಂದ ಇದೆ, ತುರಿಕೆಯೋ ನೋವೋ ಜೋಮೋ, ಮನೆಯಲ್ಲಿ ಬೇರೆ ಯಾರಿಗಿದೆ, ಇದುವರೆಗೆ ಏನೇನು ಹಚ್ಚಿದ್ದೀರಿ, ಬೇರೆ ಕಾಯಿಲೆಗೆ ಯಾವ ಮಾತ್ರೆ ನುಂಗುತ್ತೀರಿ ಎಂಬುದನ್ನು ಬರೆಯಿರಿ. ಜ್ವರದೊಂದಿಗೆ ಮೈಯೆಲ್ಲ ದದ್ದು, ಬಾಯಿಯಲ್ಲಿ ಹುಣ್ಣು, ಚರ್ಮ ಸುಲಿಯುವುದು, ತುಟಿ ಅಥವಾ ಕಣ್ಣಿನ ರೆಪ್ಪೆ ಊದುವುದು, ಇವುಗಳಲ್ಲಿ ಒಂದಾದರೂ ಇದ್ದರೆ ಫೋಟೋ ಕಳಿಸಿ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ, ಇತ್ತೀಚೆಗೆ ತೆಗೆದುಕೊಂಡ ಮಾತ್ರೆಗಳ ಸ್ಟ್ರಿಪ್ಪನ್ನೂ ಒಯ್ಯಿರಿ.